ಅಜ್ಜಿಗೆ ವಂಶವಿಲ್ಲ ಅಂದವರು ಯಾರು?

ನಮ್ಮ ಬಳ್ಳಾರಿ ಸೀಮೆಯಲ್ಲಿ ಯಾರ ಮನೆತನದ ಮಾತು ಎತ್ತಿದರೂ ಎರಡನೇ ಲೋಟ ಚಹಾ ಬರುವುದರೊಳಗೆ ಪಾಳೆಯಗಾರರು ಬಂದುಬಿಡುತ್ತಾರೆ. ಹರಪನಹಳ್ಳಿ ಕಡೆಯವರಾದರೆ ಸೋಮಶೇಖರ ನಾಯಕ, ಕೂಡ್ಲಿಗಿ ಕಡೆಯವರಾದರೆ ಗುಡೇಕೋಟೆ, ಇಲ್ಲದಿದ್ದರೆ ಜರಿಮಲೆ. ಇಷ್ಟೊಂದು ಜನ ಪಾಳೆಯಗಾರರ ಮೊಮ್ಮಕ್ಕಳಾದರೆ ಆ ಕಾಲದಲ್ಲಿ ಹೊಲ ಉತ್ತವರು, ಮಗ್ಗ ನೇಯ್ದವರು, ಕುರಿ ಕಾಯ್ದವರು ಮಕ್ಕಳನ್ನೇ ಹೆರಲಿಲ್ಲವೇ ಎಂದು ಕೇಳಿದರೆ ಸಿಟ್ಟು ಬರುತ್ತದೆ. ಬರಲಿ. ಪಾಳೆಯಗಾರರ ಹೆಸರು ಹೇಳಿಕೊಂಡು ಯಾರೂ ಈಗ ಕಂದಾಯ ವಸೂಲಿಗೆ ಬರುವುದಿಲ್ಲವಾದ್ದರಿಂದ ಆ ಭ್ರಮೆಯಿಂದ ಯಾರಿಗೂ ನಷ್ಟವಿಲ್ಲ.

ನನ್ನ ತಾಳ್ಮೆ ಕೆಡಿಸುವುದು ಇನ್ನೊಂದು ಮಾತು. “ಅಪ್ಪನ ಕಡೇದು ಏಳು ತಲಿ ಸಿಕ್ಕೈತಿ. ಅಜ್ಜಿ ಕಡೇದು ಬಿಡ್ರಿ, ಹೆಣ್ಮಕ್ಕಳಿಗೆ ಎಲ್ಲಿ ದಾಖಲೆ ಇರ್ತಾವು?” ಓದಿದವರು, ಮೇಷ್ಟ್ರುಗಳು, ವಕೀಲರು ಕೂಡ ಇದನ್ನು ಹೇಳುತ್ತಾರೆ. ಹುಡುಕಿ ನೋಡಿ ಸಿಗದೆ ಹೇಳಿದ್ದಲ್ಲ. ಹುಡುಕುವ ಮೊದಲೇ ಹೇಳಿದ್ದು.

ಮೊದಲು ಬರೀ ಲೆಕ್ಕ ನೋಡೋಣ. ಎಂಟು ತಲೆ ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 256 ಮಂದಿ ಪೂರ್ವಜರು. ಅವರಲ್ಲಿ 128 ಮಂದಿ ಹೆಂಗಸರು. ನಿಮ್ಮ ಅಡ್ಡಹೆಸರು ಬಂದದ್ದು ಆ 256ರಲ್ಲಿ ಒಬ್ಬನಿಂದ. ಆ ಒಬ್ಬನನ್ನು ಹಿಡಿದುಕೊಂಡು ಮಿಕ್ಕ 255 ಮಂದಿಯನ್ನು ಕೈಬಿಟ್ಟು, “ನಮ್ಮ ವಂಶದ ಚರಿತ್ರೆ ಪೂರ್ತಿ ಸಿಕ್ಕಿದೆ” ಎಂದು ಫ್ಲೆಕ್ಸ್ ಹಾಕಿಸುತ್ತಾರೆ. ನಮ್ಮಲ್ಲಿ ಸೋದರ ಸಂಬಂಧದ ಮದುವೆಗಳು ಹೆಚ್ಚಾದ್ದರಿಂದ 256 ಎಂಬುದು ವಾಸ್ತವದಲ್ಲಿ ಕಡಿಮೆಯಾಗುತ್ತದೆ, ನಿಜ. ಆದರೆ ಅದು ಇವರ ವಾದವನ್ನು ಇನ್ನಷ್ಟು ಹಾಳುಮಾಡುತ್ತದೆ. ಅಕ್ಕನ ಮಗಳನ್ನು ಮದುವೆಯಾದವನಿಗೆ ಹೆಂಡತಿಯ ತಾಯಿಯ ತವರುಮನೆ ಎಂದರೆ ತಾನು ಹುಟ್ಟಿದ ಮನೆಯೇ. ಅಲ್ಲಿ ಹೆಣ್ಣಿನ ಕಡೆ ಯಾವುದು, ಗಂಡಿನ ಕಡೆ ಯಾವುದು?

ಈಗ ಹೆಳವರ ವಿಷಯ. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಮನೆ ಮುಂದೆ ಕೂತು, ಬೆಡಗು, ಮೂಲ ಊರು, ಯಾವ ಅಣ್ಣ ತಮ್ಮ ಎಲ್ಲಿ ಬೇರೆಯಾದರು ಎಂಬುದನ್ನು ಪುಸ್ತಕ ಬಿಚ್ಚಿ ಒಂದೇ ಉಸಿರಿಗೆ ಹೇಳಿ, ಜೋಳವೋ ಬಟ್ಟೆಯೋ ದನವೋ ಪಡೆದುಕೊಂಡು ಹೋಗುವ ಹೆಳವರು ಇಲ್ಲದಿದ್ದರೆ ಉತ್ತರ ಕರ್ನಾಟಕದ ಅರ್ಧ ಮನೆಗಳಿಗೆ ತಮ್ಮ ಮುತ್ತಜ್ಜನ ಹೆಸರೇ ಗೊತ್ತಿರುತ್ತಿರಲಿಲ್ಲ. ಅವರ ಮೇಲೆ ನನಗೆ ಅಪಾರ ಗೌರವ. ಅವರ ಲೆಕ್ಕ ಗಂಡುಮಕ್ಕಳ ಕವಲು ಹಿಡಿದು ಹೋಗುತ್ತದೆ, ಅದೂ ನಿಜ. “ನೋಡಿ, ಹೆಳವರ ಪುಸ್ತಕದಲ್ಲೂ ನಮ್ಮ ಅಜ್ಜಿ ಇಲ್ಲ” ಎಂದು ನನ್ನ ಮುಂದೆ ಗೆದ್ದವರಂತೆ ಹೇಳುವವರಿಗೆ ಒಂದು ಪ್ರಶ್ನೆ: ಅಜ್ಜಿಗೆ ಅಪ್ಪ ಇರಲಿಲ್ಲವೇ? ಅವಳ ತವರುಮನೆಗೂ ಹೆಳವರು ಬರುತ್ತಿದ್ದರಲ್ಲ! ಅವಳ ಅಪ್ಪ, ಅಣ್ಣತಮ್ಮಂದಿರು, ಅವರ ಮೂಲ ಊರು ಎಲ್ಲ ಆ ಮನೆಯ ಹೆಳವರ ಪುಸ್ತಕದಲ್ಲಿದೆ. ನೀವು ತೆರೆದದ್ದು ಬೇರೆ ಮನೆಯ ಪುಸ್ತಕ.

ಹಾಗಾದರೆ ತವರು ಯಾವುದೆಂದೇ ಮರೆತುಹೋಗಿದ್ದರೆ? ಅದಕ್ಕೂ ದಾರಿ ಇದೆ, ಅದೂ ಸರ್ಕಾರಿ ದಾರಿ. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮಲ್ಲಿ ಎಲ್ಲ ಜಾತಿಗೂ ಸಾಮಾನ್ಯ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1899ರಲ್ಲಿ, ಜನನ ಮರಣ ನೋಂದಣಿಗೆ ಅಲ್ಲಿನ ಸರ್ಕಾರ ಕಾನೂನು ಮಾಡಿತು. ಹಳ್ಳಿಗಳಲ್ಲೂ ಪುಸ್ತಕ ಇಡತೊಡಗಿದರು. ನಿಮ್ಮ ಅಜ್ಜ ಹಗರಿಬೊಮ್ಮನಹಳ್ಳಿಯಲ್ಲಿ ಬದುಕಿ ಬಾಳಿರಬಹುದು. ಆದರೆ ಅವನು ಚೊಚ್ಚಲ ಮಗುವಾಗಿದ್ದರೆ ಹುಟ್ಟಿದ್ದು ಅವನ ತಾಯಿಯ ಊರಿನಲ್ಲಿ. ಹಗರಿಬೊಮ್ಮನಹಳ್ಳಿ ಪುಸ್ತಕದಲ್ಲಿ ಅವನ ಹೆಸರಿಲ್ಲ ಎಂದು ಕೈಚೆಲ್ಲಿ ಕೂತವರನ್ನು ಕಂಡಿದ್ದೇನೆ. ಅಲ್ಲಿ ಇಲ್ಲದಿರುವುದೇ ಸುಳಿವು. ಸುತ್ತಲಿನ ಹಳ್ಳಿಗಳ ಪುಸ್ತಕ ತಿರುವಿದರೆ, ಮಗುವಿನ ಹೆಸರಿನ ಕಾಲಂ ಖಾಲಿ ಬಿಟ್ಟಿದ್ದರೂ ಅಪ್ಪನ ಹೆಸರಿನ ಪಕ್ಕದಲ್ಲಿ ಹಗರಿಬೊಮ್ಮನಹಳ್ಳಿ ಎಂದು ಬರೆದಿರುವ ಒಂದು ಸಾಲು ಎಲ್ಲೋ ಸಿಗಬಹುದು. ಸಿಕ್ಕಿದರೆ ಅದೇ ಮುತ್ತಜ್ಜಿಯ ತವರು.

ಇನ್ನು ಮನೆಯೊಳಗಿನ ದಾಖಲೆ. ಅಟ್ಟದ ಮೇಲಿರುವ ಹಿತ್ತಾಳೆ ಕೊಡ, ತಾಮ್ರದ ಹಂಡೆ, ತಂಬಿಗೆ ಕೆಳಗಿಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಮೇಲೆದ್ದು ಬರುತ್ತವೆ: ಕೊಟ್ಟವರ ಹೆಸರು, ಅವರ ಊರು, ಯಾರ ಮದುವೆಗೆ ಎಂಬುದು, ಒಮ್ಮೊಮ್ಮೆ ತಾರೀಖು. ಅಕ್ಷರ ತಪ್ಪಾಗಿರುತ್ತದೆ, ಒತ್ತಕ್ಷರ ಇರುವುದೇ ಇಲ್ಲ. ಆದರೆ “ಸೋದರಮಾವ” ಎಂಬುದೊಂದನ್ನು ಯಾವ ಕೊರೆಯುವವನೂ ಬಿಟ್ಟಿಲ್ಲ. ಅದರ ಜೊತೆಗೆ ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಚಪ್ಪರದ ಮೂಲೆಯಲ್ಲಿ ಕೂತು ಬರೆದ ನೋಟ್‌ಬುಕ್. ಹೆಣ್ಣಿನ ಕಡೆಯವರ ಹೆಸರೂ ಊರೂ ಸಾಲುಸಾಲಾಗಿ ಅದರಲ್ಲಿರುತ್ತವೆ, ಏಕೆಂದರೆ ಮುಯ್ಯಿ ತಿರುಗಿ ಹಾಕುವುದು ಮರೆತರೆ ಜಗಳ ಗ್ಯಾರಂಟಿ. ಇಂಥ ನಿಖರವಾದ ಬಂಧುಗಳ ಪಟ್ಟಿಯನ್ನು ಯಾವ ಸಂಶೋಧಕನೂ ಮಾಡಲಾರ. ನಾವೇನು ಮಾಡುತ್ತೇವೆ? ಹಂಡೆಯನ್ನು ತೂಕಕ್ಕೆ ಹಾಕಿ ಸ್ಟೀಲ್ ಡಬ್ಬಿ ತರುತ್ತೇವೆ, ನೋಟ್‌ಬುಕ್ಕನ್ನು ರದ್ದಿಗೆ ಕೊಡುತ್ತೇವೆ. ಆಮೇಲೆ ಹೆಣ್ಣಿನ ಕಡೆ ದಾಖಲೆ ಇಲ್ಲ ಎಂದು ರಾಗ.

ಇಲ್ಲಿಯವರೆಗೆ ಹೇಳಿದ್ದು ಮರೆವಿನ ಕಥೆ. ಇದರಲ್ಲಿ ಮರೆವಲ್ಲದ್ದೂ ಇದೆ, ನನಗೆ ನಿಜವಾಗಿ ಸಿಟ್ಟು ಬರುವುದು ಅಲ್ಲಿ. “ನಮ್ಮ ಹತ್ತಿರ ಸರ್ಕಾರಿ ವಂಶವೃಕ್ಷ ಇದೆ, ಸೀಲು ಬಿದ್ದಿದೆ, ಅದರಲ್ಲಿ ಹೆಣ್ಣುಮಕ್ಕಳೇ ಇಲ್ಲ” ಎನ್ನುತ್ತಾರೆ. ಆ ವಂಶವೃಕ್ಷ ಹೇಗೆ ತಯಾರಾಗುತ್ತದೆಂದು ಗೊತ್ತಿದ್ದೂ ಹೇಳುತ್ತಾರೆ. ನಾಡಕಚೇರಿಗೆ ಅರ್ಜಿ, ಅದರ ಜೊತೆ ನೋಟರಿ ಮಾಡಿಸಿದ ಅಫಿಡವಿಟ್, ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ವಿಚಾರಣೆ, ಅಕ್ಕಪಕ್ಕದವರ ಸಹಿ ಹಾಕಿಸಿದ ಮಹಜರು. ಒಟ್ಟಿನಲ್ಲಿ ಮನೆಯವರು ಹೇಳಿದ್ದನ್ನು ಸರ್ಕಾರ ಬರೆದುಕೊಳ್ಳುತ್ತದೆ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿಕೊಳ್ಳುವ ಅವಸರದಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರ ಹೆಸರನ್ನೇ ಹೇಳುವುದಿಲ್ಲ. ಕೇಳಿದರೆ “ಅವರನ್ನ ಕೊಟ್ಟು ಕಳಿಸಿಯಾಗಿದೆ” ಎಂಬ ಉತ್ತರ. ಕೊಟ್ಟು ಕಳಿಸಿದ ಮಾತ್ರಕ್ಕೆ ಅವಳು ಅಪ್ಪನಿಗೆ ಹುಟ್ಟಿದ್ದು ರದ್ದಾಗುತ್ತದೆಯೇ? ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ, ಅದರ ಮೇಲೆ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು, ಇಷ್ಟೆಲ್ಲ ಆದಮೇಲೂ ಮಗಳಿಗೆ ಪಾಲಿಲ್ಲ ಎನ್ನಲು ಉಳಿದಿರುವ ಒಂದೇ ಉಪಾಯ, ಮಗಳೇ ಇಲ್ಲ ಎಂದು ಬರೆಸುವುದು. ಐವತ್ತು ವರ್ಷ ಕಳೆದ ಮೇಲೆ ಮೊಮ್ಮಗ ಆ ಕಾಗದ ಹಿಡಿದುಕೊಂಡು “ಮುತ್ತಜ್ಜನಿಗೆ ಬರೀ ಗಂಡುಮಕ್ಕಳು” ಎಂದು ಚರಿತ್ರೆ ಬರೆಯುತ್ತಾನೆ.

ವಂಶ ಎಂದರೆ ಗಂಡಿನದೇ, ಇದು ಈ ಮಣ್ಣಿನ ಅನಾದಿ ಪದ್ಧತಿ ಎನ್ನುವವರು ಈ ಮಣ್ಣನ್ನೇ ಸರಿಯಾಗಿ ನೋಡಿಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ತಾಯಿಯ ಹೆಸರಿನ ಮೇಲೆ ತಲೆಮಾರುಗಟ್ಟಲೆ ನಡೆದ ಮನೆಗಳಿವೆ. ಗಂಡುಮಕ್ಕಳಿಲ್ಲದವರು ಮಗಳನ್ನು ಬಸವಿ ಬಿಟ್ಟರೆ, ಅಂದರೆ ಮದುವೆ ಮಾಡದೆ ದೇವರಿಗೆ ಅರ್ಪಿಸಿದರೆ, ಅವಳು ಮಗನ ಜಾಗದಲ್ಲಿ ನಿಂತು ಅಪ್ಪನ ಆಸ್ತಿ ಪಡೆಯುತ್ತಿದ್ದಳು, ಅವಳ ಮಕ್ಕಳು ಅಜ್ಜನ ಮನೆತನಕ್ಕೇ ಸೇರುತ್ತಿದ್ದರು. ಬಳ್ಳಾರಿ ಸೀಮೆಯ ಈ ರೂಢಿಯನ್ನು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಬಂದ ಥರ್ಸ್ಟನ್‌ನ ಸಂಪುಟಗಳಲ್ಲೂ ಕಾಣಬಹುದು. ಆ ಪದ್ಧತಿ ಹೆಣ್ಣುಮಕ್ಕಳ ಬಾಳು ಹಿಂಡಿದ್ದು. 1982ರ ದೇವದಾಸಿ ನಿಷೇಧ ಕಾಯ್ದೆ ಅದನ್ನು ನಿಷೇಧಿಸಿದ್ದು ನ್ಯಾಯವೇ, ಅದನ್ನು ಹೊಗಳುವ ಮಾತೇ ಇಲ್ಲ. ಆದರೆ ಹೊಲ ಕೈತಪ್ಪುತ್ತದೆ ಎನ್ನುವಾಗ ಮಗಳ ಮೂಲಕ ವಂಶ ಎಣಿಸುವುದು ಇದೇ ಜನಕ್ಕೆ ಚೆನ್ನಾಗಿ ಗೊತ್ತಿತ್ತು.

ಇನ್ನೂ ಹಿಂದಕ್ಕೆ ಹೋಗಬೇಕೇ? ಹೂವಿನಹಡಗಲಿಯ ಕೇಶವ ದೇವಾಲಯಕ್ಕೆ ಹೋಗಿ. ಅದನ್ನು 1090ರಲ್ಲಿ ಕಟ್ಟಿಸಿದವಳು ರೆಬ್ಬಲದೇವಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ರವಿದೇವನ ಹೆಂಡತಿ. ಒಂಬೈನೂರು ವರ್ಷ ದಾಟಿದರೂ ಹೆಸರು ಉಳಿದಿದೆ. ದೊಡ್ಡಮನೆಯ ಹೆಂಗಸಾದ್ದರಿಂದ ಉಳಿಯಿತು ಎನ್ನಿ, ಒಪ್ಪುತ್ತೇನೆ. 1823ರಿಂದ 1903ರವರೆಗೆ ಬದುಕಿದ್ದ ಹರಪನಹಳ್ಳಿ ಭೀಮವ್ವ ದಂಡನಾಯಕನ ಹೆಂಡತಿಯಲ್ಲ. ಭೀಮೇಶಕೃಷ್ಣ ಎಂಬ ಅಂಕಿತದ ಅವಳ ಹಾಡುಗಳು ಹೆಂಗಸರ ಬಾಯಲ್ಲಿ, ಹೆಂಗಸರ ಹಾಡಿನ ಪುಸ್ತಕಗಳಲ್ಲಿ ಉಳಿದುಕೊಂಡು ಬಂದವು. ಅಂದಹಾಗೆ, ರೆಬ್ಬಲದೇವಿಯಿಂದ ನಿಮ್ಮ ಮನೆಯವರೆಗೆ ಕೊಂಡಿ ಕೂಡಿಸಿಕೊಡುತ್ತೇನೆಂದು ಯಾರಾದರೂ ಬಂದರೆ ಮಂಡಕ್ಕಿ ಮಿರ್ಚಿ ತಿನ್ನಿಸಿ ಕಳಿಸಿಬಿಡಿ. ದುಡ್ಡು ಮಾತ್ರ ಕೊಡಬೇಡಿ.

ಮಿಕ್ಕ ನಂಬಿಕೆಗಳಿಗೆ ಒಂದೊಂದೇ ಮಾತು ಸಾಕು. ಹಳೆಯ ದಾಖಲೆ ಎಲ್ಲ ಬೆಂಗಳೂರಿನಲ್ಲಿದೆ ಎನ್ನುತ್ತಾರೆ: 1953ರ ಅಕ್ಟೋಬರ್ 1ರವರೆಗೆ ನಾವು ಮೈಸೂರು ರಾಜ್ಯದವರೇ ಅಲ್ಲ, ಅದಕ್ಕಿಂತ ಹಿಂದಿನದಕ್ಕೆ ಬಳ್ಳಾರಿ ನೋಡಿ, ಆಮೇಲೆ ಚೆನ್ನೈನ ಎಗ್ಮೋರ್‌ನಲ್ಲಿರುವ ಅಭಿಲೇಖಾಲಯ ನೋಡಿ. ಇನಾಂ ಭೂಮಿ ಇದ್ದ ಮನೆಯಾದರೆ 1858ರಲ್ಲಿ ಶುರುವಾದ ಮದ್ರಾಸ್ ಇನಾಂ ಕಮಿಷನ್ನಿನ ರಿಜಿಸ್ಟರುಗಳನ್ನು ಬಿಡಬೇಡಿ; ಹಕ್ಕು ಯಾರಿಂದ ಯಾರಿಗೆ ಬಂತೆಂದು ಅದರಲ್ಲಿ ಬರೆಯಲೇಬೇಕಿತ್ತು, ಗಂಡ ಸತ್ತ ಹೆಂಗಸು ಹಕ್ಕುದಾರಳಾಗಿದ್ದರೆ ಅವಳನ್ನೂ. ಹೆಸರು ಕೂಡಿದರೆ ಅವನೇ ನಮ್ಮ ಮುತ್ತಜ್ಜ ಎನ್ನುವವರಿಗೆ: ಕೊಟ್ಟೂರು ಸುತ್ತಮುತ್ತ ಕೊಟ್ರಪ್ಪ, ಕೊಟ್ರೇಶ, ಕೊಟ್ರಬಸಪ್ಪ, ಕೊಟ್ರಮ್ಮ ಇಲ್ಲದ ಓಣಿ ಯಾವುದು ಸ್ವಾಮಿ? ತಾಲ್ಲೂಕು ಕಚೇರಿಯಲ್ಲಿ ನಮ್ಮೂರಿನ ಕಡತವೇ ಇಲ್ಲ ಎನ್ನುವವರಿಗೆ: ಕೊಟ್ಟೂರು ಮೊನ್ನೆ ಮೊನ್ನೆಯವರೆಗೆ ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು, ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ತಿರುಗಿ ಬಳ್ಳಾರಿಗೆ ಬಂದು ಈಗ ವಿಜಯನಗರ ಜಿಲ್ಲೆಯಲ್ಲಿದೆ, ಕಡತ ಆ ದಾರಿಯಲ್ಲಿ ಎಲ್ಲಿ ಇಳಿದುಕೊಂಡಿತೆಂದು ವಿಚಾರಿಸಿ. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ರಾಜವಂಶ ಗೊತ್ತಾಗುತ್ತದೆ ಎನ್ನುವವರಿಗೆ: ರಾಜನ ಹೆಸರು ಬರೆದುಕೊಂಡ ಡಿಎನ್‌ಎ ಇಲ್ಲ, ತಲೆತಲಾಂತರದಿಂದ ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯದ ಡಿಎನ್‌ಎ ಮಾತ್ರ ನಿಮ್ಮ ಮೈಯ ಕಣಕಣದಲ್ಲೂ ಇದೆ.

ವಂಶದ ಹಮ್ಮು ನಮಗೊಬ್ಬರಿಗೇ ಇರುವುದಲ್ಲ. ಅಮೆರಿಕದಲ್ಲಿ 1890ರಲ್ಲಿ ಹುಟ್ಟಿದ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಹೆಂಗಸರ ಸಂಘವಿದೆ. ಆ ದೇಶದ ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡವರ ವಂಶದವಳು ಎಂದು ತೋರಿಸಿದವಳಿಗೆ ಮಾತ್ರ ಅದರಲ್ಲಿ ಜಾಗ. ಆ ಹಮ್ಮು ನನಗೂ ಹಿಡಿಸುವುದಿಲ್ಲ. ಆದರೆ ಅಲ್ಲಿ ಪ್ರತಿ ತಲೆಮಾರಿಗೂ ಕಾಗದ ತೋರಿಸಬೇಕು, ಕೊಂಡಿ ತಾಯಿಯ ಕಡೆಯಿಂದ ಬಂದರೂ ನಡೆಯುತ್ತದೆ. ನಮ್ಮಲ್ಲಿ ವಾಟ್ಸ್ಯಾಪಿನಲ್ಲಿ ಬಂದ ಒಂದು ಚಿತ್ರ ಸಾಕು. ಕುದುರೆ ಮೇಲೆ ಕತ್ತಿ ಹಿಡಿದವನೊಬ್ಬ, ಕೆಳಗೆ ನಮ್ಮ ಅಡ್ಡಹೆಸರು. ಸಂಜೆಯೊಳಗೆ ಇಡೀ ಮನೆತನದವರು ಕ್ಷತ್ರಿಯರಾಗಿರುತ್ತಾರೆ. ಬ್ರಿಟಿಷ್ ಸರ್ವೇಯರ್ ಮೆಕೆಂಜಿಯ ಜನ ಊರೂರು ತಿರುಗಿ ಬರೆಸಿಕೊಂಡ ಕೈಫಿಯತ್ತುಗಳನ್ನು, ಅಂದರೆ ಊರು ಮನೆತನಗಳ ವೃತ್ತಾಂತಗಳನ್ನು, ಎಂ.ಎಂ. ಕಲಬುರ್ಗಿ ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದು ಎಷ್ಟೋ ಕಾಲವಾಯಿತು. ಪಾಳೆಯಗಾರರ ಮೇಲೆ ಪ್ರಾಣ ಬಿಡುವವರು ಅದನ್ನಾದರೂ ತೆರೆದು ನೋಡಿದ್ದಾರೆಯೇ? ಓದಿದರೂ, ಅಲ್ಲಿರುವುದು ಮನೆಯವರು ತಮ್ಮ ಮನೆಯ ಬಗ್ಗೆ ತಾವೇ ಹೇಳಿಕೊಂಡದ್ದು ಎಂಬುದು ನೆನಪಿರಬೇಕು. ಕೇಳಿದ್ದನ್ನೆಲ್ಲ ನಂಬುವ ಜನವೇ ಅಜ್ಜಿಯ ವಿಷಯ ಬಂದಾಗ ಮಾತ್ರ ದಾಖಲೆ ಕೇಳುವುದು ದೊಡ್ಡ ತಮಾಷೆ.

ಮನೆಯಲ್ಲಿ ವಯಸ್ಸಾದ ಹೆಂಗಸರಿದ್ದರೆ ಈ ಯುಗಾದಿಯೊಳಗೆ ಕೂತು ಕೇಳಿ: ತವರೂರು, ಅವ್ವನ ತವರೂರು, ಸೋದರಮಾವಂದಿರ ಹೆಸರು, ಉಡಿ ತುಂಬಿಸಿಕೊಳ್ಳಲು ಹೋಗುತ್ತಿದ್ದ ದೇವಿ ಯಾವುದು. ಉಚ್ಚಂಗಿಯೋ ಹುಲಿಗಿಯೋ ಎಂಬುದರಿಂದಲೇ ಅರ್ಧ ದಾರಿ ಗೊತ್ತಾಗುತ್ತದೆ. ಬರೆದಿಡಿ, ತಾರೀಖು ಹಾಕಿ. ಮುಂದೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡುವ ದಿನ ಬಂದರೆ ಅಕ್ಕತಂಗಿಯರೆಲ್ಲರ ಹೆಸರೂ ಬರೆಸಿ, ತೀರಿಕೊಂಡವರದ್ದನ್ನೂ ಬಿಡಬೇಡಿ. ಬೇಕೆಂದೇ ಹೆಸರು ಬಿಟ್ಟು ಅಫಿಡವಿಟ್ ಮಾಡಿದರೆ ಅದು ಸುಳ್ಳು ಪ್ರಮಾಣ, ಕಾನೂನಿನ ಪ್ರಕಾರ ಅಪರಾಧ.