ಫೈಬರ್ ಮಾಡ್ಯೂಲ್ ಮತ್ತು ಗೃಹಕಚೇರಿಯ ಫೈರ್‌ವಾಲ್ ರೌಟರ್: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ವ್ಯಾಪಾರದ ಲೆಕ್ಕಪತ್ರಗಳು ಕಂಪ್ಯೂಟರಿಗೆ ವರ್ಗಾವಣೆಗೊಂಡು ಬಹುಕಾಲವಾಯಿತು. ಇಂದು ಅವು ಅಂತರಜಾಲವನ್ನೂ ಅವಲಂಬಿಸಿವೆ. ರೂ. 50,000 ಮೀರಿದ ಮೌಲ್ಯದ ಸರಕು ಗೋದಾಮಿನಿಂದ ಹೊರಡಬೇಕಾದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಮಾಸಿಕ ಜಿ.ಎಸ್.ಟಿ.ಆರ್.-3ಬಿ ನಮೂನೆಯನ್ನು ಮರುತಿಂಗಳ 20ನೇ ತಾರೀಖಿನೊಳಗೆ ಸಲ್ಲಿಸಬೇಕು. ತೆರಿಗೆ ಪಾವತಿ ತಡವಾದರೆ ವಾರ್ಷಿಕ ಶೇ. 18ರ ಬಡ್ಡಿ ಬೀಳುತ್ತದೆ. ಹೀಗಿರುವಾಗ ಮನೆಯಿಂದಲೇ ವ್ಯವಹಾರ ನಡೆಸುವ ಅನೇಕ ವರ್ತಕರು ತಮ್ಮ ದತ್ತಾಂಶದ ರಕ್ಷಣೆಗಾಗಿ ಸ್ವಂತ ಫೈರ್‌ವಾಲ್ ರೌಟರನ್ನು ಅಳವಡಿಸಿಕೊಳ್ಳುತ್ತಿರುವುದು ಸ್ವಾಗತಾರ್ಹ.

ಇಂತಹ ರೌಟರುಗಳಲ್ಲಿ ಕೆಲವಕ್ಕೆ ಎಸ್‌ಎಫ್‌ಪಿ ಎಂಬ ಚೌಕಾಕಾರದ ಪೋರ್ಟ್ ಇರುತ್ತದೆ. ಸೇವಾದಾರರ ಪೆಟ್ಟಿಗೆಯನ್ನು ತೆಗೆದುಹಾಕಿ, ಒಂದು ಮಾಡ್ಯೂಲ್ ಕೊಂಡು, ಫೈಬರನ್ನು ನೇರವಾಗಿ ಅದಕ್ಕೇ ಜೋಡಿಸಬಹುದಲ್ಲವೇ ಎಂಬ ಆಲೋಚನೆ ಸಹಜವಾಗಿಯೇ ಮೂಡುತ್ತದೆ. ಮಾಡ್ಯೂಲ್ ಪೋರ್ಟಿನಲ್ಲಿ ಸರಿಯಾಗಿ ಕೂರುತ್ತದೆ, ಫೈಬರಿನ ತುದಿಯೂ ಹೇಗೋ ಸೇರುತ್ತದೆ. ಆದರೆ ದೀಪ ಹೊತ್ತುವುದಿಲ್ಲ. ಮಾರಾಟಗಾರರು ಮಾಡ್ಯೂಲ್ ಸರಿಯಿದೆ ಎನ್ನುತ್ತಾರೆ, ಸೇವಾದಾರರು ತಂತಿ ಸರಿಯಿದೆ ಎನ್ನುತ್ತಾರೆ. ಅನೇಕ ವೇಳೆ ಇಬ್ಬರ ಮಾತೂ ನಿಜವೇ ಆಗಿರುತ್ತದೆ. ಫೈಬರ್ ಸಂಪರ್ಕವು ಇಬ್ಬರು ಪಕ್ಷಗಾರರ ನಡುವಿನ ಕರಾರಿನಂತೆ. ಎರಡೂ ತುದಿಗಳು ಎಲ್ಲ ಷರತ್ತುಗಳನ್ನೂ ಒಪ್ಪಿದಾಗ ಮಾತ್ರ ಅದು ಜಾರಿಗೆ ಬರುತ್ತದೆ. ಆದ್ದರಿಂದ ಹಣ ವ್ಯಯಿಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಮಾಡ್ಯೂಲ್?" ಎಂಬುದಲ್ಲ, "ಎಳೆಯ ಇನ್ನೊಂದು ತುದಿ ಯಾರದು?" ಎಂಬುದು.

ಮಾಡ್ಯೂಲ್ ಎಂದರೇನು?

ಎಸ್‌ಎಫ್‌ಪಿ ಮಾಡ್ಯೂಲ್ ಹೆಬ್ಬೆರಳಿನ ಗಾತ್ರದ ಲೋಹದ ಸಾಧನ. ರೌಟರಿನ ವಿದ್ಯುತ್ ಸಂಕೇತಗಳನ್ನು ಬೆಳಕಾಗಿಯೂ, ಎಳೆಯಿಂದ ಬರುವ ಬೆಳಕನ್ನು ಮರಳಿ ವಿದ್ಯುತ್ ಸಂಕೇತಗಳಾಗಿಯೂ ಪರಿವರ್ತಿಸುವುದು ಅದರ ಕೆಲಸ. ಹಲವು ತಯಾರಕರು ಸೇರಿ ಮಾಡಿಕೊಂಡ ಒಪ್ಪಂದದ ಮೇರೆಗೆ ಇದರ ಅಳತೆ ಹಾಗೂ ಪಿನ್ನುಗಳ ಜೋಡಣೆ ನಿಗದಿಯಾಗಿದೆ. ಸಾಮಾನ್ಯ ಎಸ್‌ಎಫ್‌ಪಿ ಸೆಕೆಂಡಿಗೆ 1 ಗಿಗಾಬಿಟ್ ವೇಗಕ್ಕೂ, ನೋಟಕ್ಕೆ ಹಾಗೆಯೇ ಇರುವ ಎಸ್‌ಎಫ್‌ಪಿ ಪ್ಲಸ್ 10 ಗಿಗಾಬಿಟ್ ವೇಗಕ್ಕೂ ಮೀಸಲು. ಎರಡೂ ಒಂದೇ ಪೋರ್ಟಿನಲ್ಲಿ ಕೂರುತ್ತವೆ ಎಂಬುದೇ ಬಹುಪಾಲು ಗೊಂದಲಗಳಿಗೆ ಕಾರಣ. ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ.

ಎರಡೂ ತುದಿಗಳು ಸ್ವಂತದ್ದಾಗಿರುವಾಗ

ಮನೆಯ ಕಚೇರಿಯಿಂದ 150 ಮೀಟರ್ ದೂರದಲ್ಲಿ ಗೋದಾಮು ಇರುವ ಒಬ್ಬ ಸಗಟು ವರ್ತಕರನ್ನು ಉದಾಹರಣೆಯಾಗಿ ಭಾವಿಸೋಣ. ಮಾಮೂಲಿ ತಾಮ್ರದ ನೆಟ್‌ವರ್ಕ್ ಕೇಬಲಿನ ಮಿತಿ 100 ಮೀಟರ್. ಅಲ್ಲದೆ ಎರಡು ಕಟ್ಟಡಗಳ ನಡುವೆ ಎಳೆದ ತಾಮ್ರದ ತಂತಿಯು ಸಿಡಿಲಿನ ಸಮಯದಲ್ಲಿ ಎರಡೂ ಕಡೆಯ ಯಂತ್ರಗಳನ್ನು ಸುಡಬಲ್ಲದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹದ ಕವಚವಿಲ್ಲದ ಕೇಬಲನ್ನೇ ಆಯ್ದರೆ ಈ ಅಪಾಯವಿಲ್ಲ. ಇಲ್ಲಿ ಎರಡೂ ತುದಿಗಳು ವರ್ತಕರದೇ ಆದ್ದರಿಂದ ಮಾಡ್ಯೂಲ್ ಬಳಕೆ ಸುಲಭವೂ ಲಾಭದಾಯಕವೂ ಆಗಿರುತ್ತದೆ. ಆದಾಗ್ಯೂ ಈ ಕೆಳಗಿನ ಅಂಶಗಳು ತಾಳೆಯಾಗಬೇಕು.

ಒಂದು, ಎಳೆಯ ಜಾತಿ. ಸಿಂಗಲ್ ಮೋಡ್ ಎಳೆಯ ಒಳತಿರುಳು ಸುಮಾರು 9 ಮೈಕ್ರಾನ್, ಅದರ ಹೊದಿಕೆ ಸಾಮಾನ್ಯವಾಗಿ ಹಳದಿ. ಮಲ್ಟಿ ಮೋಡ್ ಎಳೆಯದು 50 ಅಥವಾ 62.5 ಮೈಕ್ರಾನ್, ಹೊದಿಕೆ ಸಾಮಾನ್ಯವಾಗಿ ಕಿತ್ತಳೆ ಅಥವಾ ತಿಳಿ ನೀಲಿ-ಹಸಿರು. ಒಂದರ ಮಾಡ್ಯೂಲನ್ನು ಮತ್ತೊಂದರ ಎಳೆಗೆ ಜೋಡಿಸಬಾರದು.

ಎರಡು, ತರಂಗಾಂತರ. ಎಸ್‌ಎಕ್ಸ್ ಮಾದರಿಯ 1 ಗಿಗಾಬಿಟ್ ಮಾಡ್ಯೂಲ್ 850 ನ್ಯಾನೋಮೀಟರ್ ಬೆಳಕಿನಿಂದ 50 ಮೈಕ್ರಾನ್ ಮಲ್ಟಿ ಮೋಡ್ ಎಳೆಯಲ್ಲಿ 550 ಮೀಟರ್‌ವರೆಗೆ ಸಾಗುತ್ತದೆ. ಸಿಂಗಲ್ ಮೋಡ್ ಎಳೆಗೆ ಬಳಸುವ ಎಲ್‌ಎಕ್ಸ್ ಮಾದರಿಯದು 1310 ನ್ಯಾನೋಮೀಟರ್; ಮಾರುಕಟ್ಟೆಯಲ್ಲಿ ಅದನ್ನು ಸಾಮಾನ್ಯವಾಗಿ 10 ಕಿಲೋಮೀಟರ್ ದೂರಕ್ಕೆಂದು ಮಾರಲಾಗುತ್ತದೆ. ಹೊಸದಾಗಿ ಎಳೆ ಹಾಕಿಸುವವರಿಗೆ ಸಿಂಗಲ್ ಮೋಡ್ ಸೂಕ್ತ. ಮುಂದೆ ವೇಗ ಹೆಚ್ಚಿಸಬೇಕಾದಾಗ ಮಾಡ್ಯೂಲ್ ಬದಲಿಸಿದರೆ ಸಾಕು, ನೆಲ ಅಗೆಯಬೇಕಾಗಿಲ್ಲ.

ಮೂರು, ಜೋಡಿ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಸಂಕೇತ ಕಳುಹಿಸುವ ಬೈಡಿ ಮಾಡ್ಯೂಲುಗಳಲ್ಲಿ ಒಂದು ತುದಿ 1310ರಲ್ಲಿ ಕಳುಹಿಸಿ 1490 ಅಥವಾ 1550ರಲ್ಲಿ ಸ್ವೀಕರಿಸಿದರೆ, ಇನ್ನೊಂದು ತುದಿ ಅದಕ್ಕೆ ತದ್ವಿರುದ್ಧವಾಗಿರಬೇಕು. ಒಂದೇ ಸಂಖ್ಯೆಯ ಎರಡು ಮಾಡ್ಯೂಲ್ ಕೊಂಡರೆ ಇಬ್ಬರೂ ಮಾತನಾಡುತ್ತಾರೆ, ಕೇಳುವವರಿರುವುದಿಲ್ಲ. ಎರಡು ಎಳೆಗಳ ಮಾಡ್ಯೂಲಿನಲ್ಲಿ ಒಂದು ಕಡೆಯ ಕಳುಹಿಸುವ ಕಿಂಡಿಯು ಇನ್ನೊಂದು ಕಡೆಯ ಸ್ವೀಕರಿಸುವ ಕಿಂಡಿಗೆ ಸೇರಬೇಕು. ದೀಪ ಹೊತ್ತದಿದ್ದರೆ ಮೊದಲು ಒಂದು ತುದಿಯಲ್ಲಿ ಎಳೆಗಳನ್ನು ಅದಲು ಬದಲು ಮಾಡಿ ನೋಡಬೇಕು.

ನಾಲ್ಕು, ಕನೆಕ್ಟರ್. ಮಾಡ್ಯೂಲುಗಳಲ್ಲಿ ಸಾಮಾನ್ಯವಾಗಿ ಎಲ್‌ಸಿ ಎಂಬ ಚಿಕ್ಕ ಕಿಂಡಿ ಇರುತ್ತದೆ. ಸೇವಾದಾರರು ಮನೆಗೆ ತರುವ ಎಳೆಯ ತುದಿಯಲ್ಲಿ ಬಹಳಷ್ಟು ಕಡೆ ಹಸಿರು ಬಣ್ಣದ ಎಸ್‌ಸಿ-ಎಪಿಸಿ ಇರುತ್ತದೆ. ಹಸಿರಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಲಾಗಿರುತ್ತದೆ, ನೀಲಿ ಬಣ್ಣದ ಯುಪಿಸಿಯ ಮುಖ ಓರೆಯಾಗಿರುವುದಿಲ್ಲ. ಇವೆರಡನ್ನು ನೇರವಾಗಿ ಜೋಡಿಸಿದರೆ ಗಾಜಿನ ಮುಖಗಳ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ, ಮುಖಗಳಿಗೆ ಹಾನಿಯೂ ಆಗಬಹುದು. ಎರಡೂ ತುದಿಗೆ ಹೊಂದುವ ಪ್ಯಾಚ್ ಕಾರ್ಡನ್ನೇ ಬಳಸಬೇಕು.

ರೌಟರು ಮಾಡ್ಯೂಲನ್ನು ಒಪ್ಪದಿದ್ದಾಗ

ಪ್ರತಿ ಮಾಡ್ಯೂಲಿನೊಳಗೆ ಒಂದು ಪುಟ್ಟ ಸ್ಮೃತಿಕೋಶವಿದ್ದು, ಅದರಲ್ಲಿ ತಯಾರಕರ ಹೆಸರು, ಮಾದರಿ ಸಂಖ್ಯೆ, ವೇಗ ಮುಂತಾದ ವಿವರಗಳು ಬರೆದಿರುತ್ತವೆ. ರೌಟರು ಮೊದಲು ಇದನ್ನು ಓದುತ್ತದೆ. ಕೆಲವು ತಯಾರಕರ ಯಂತ್ರಗಳು ತಮ್ಮದಲ್ಲದ ಹೆಸರು ಕಂಡೊಡನೆ ಪೋರ್ಟನ್ನೇ ಮುಚ್ಚುತ್ತವೆ. ಆದ್ದರಿಂದ ಬೇರೆ ತಯಾರಕರ ಅಗ್ಗದ ಮಾಡ್ಯೂಲ್ ಕೊಳ್ಳುವಾಗ ತಮ್ಮ ರೌಟರಿನ ಹೆಸರು ಹೇಳಿ, ಅದಕ್ಕೆ ಹೊಂದುವಂತೆ ವಿವರ ಬರೆದಿರುವುದನ್ನೇ ಕೇಳಿ ಪಡೆಯಬೇಕು. ಎರಡು ತುದಿಗಳ ಮಾಡ್ಯೂಲುಗಳು ಒಂದೇ ತಯಾರಕರದಾಗಿರಬೇಕೆಂಬ ನಿಯಮವೇನೂ ಇಲ್ಲ. ಪ್ರತಿ ಮಾಡ್ಯೂಲ್ ತಾನು ಕೂರುವ ಯಂತ್ರಕ್ಕೆ ಒಪ್ಪಿಗೆಯಾದರೆ ಸಾಕು.

ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಮುಂತಾದ ತಂತ್ರಾಂಶಗಳನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಹಾಕಿ ಫೈರ್‌ವಾಲ್ ಮಾಡಿಕೊಳ್ಳುವವರು ಇಂಟೆಲ್ ಎಕ್ಸ್520 ಕಾರ್ಡನ್ನು ಬಳಸುವುದುಂಟು. ಈ ಕಾರ್ಡಿನ ಚಾಲಕ ತಂತ್ರಾಂಶವು ಅಪರಿಚಿತ ಮಾಡ್ಯೂಲುಗಳನ್ನು ನಿರಾಕರಿಸುತ್ತದೆ. ಆದರೆ ಅವನ್ನು ಅನುಮತಿಸುವ ಒಂದು ಆಯ್ಕೆ ಅದರಲ್ಲೇ ಇದೆ. ಯಂತ್ರ ಆರಂಭವಾಗುವಾಗ ಓದುವ ಕಡತದಲ್ಲಿ ಅದನ್ನು ನಮೂದಿಸಿ ಮರುಚಾಲನೆ ಮಾಡಬೇಕು. ಹೀಗೆ ಮಾಡಿದಾಗ ತಯಾರಕರ ಬೆಂಬಲ ದೊರೆಯದಿರಬಹುದು ಎಂಬುದನ್ನೂ ಗಮನದಲ್ಲಿಡಬೇಕು.

ವೇಗದ ವಿಷಯದಲ್ಲಿ ತಾಮ್ರದ ಕೇಬಲಿನ ಅನುಭವ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತಾಮ್ರದಲ್ಲಿ ಎರಡೂ ಕಡೆಯ ಯಂತ್ರಗಳು ಮಾತಾಡಿಕೊಂಡು ಸೂಕ್ತ ವೇಗಕ್ಕೆ ಇಳಿಯುತ್ತವೆ. ಫೈಬರಿನಲ್ಲಿ 10 ಗಿಗಾಬಿಟ್ ಮಾಡ್ಯೂಲ್ 1 ಗಿಗಾಬಿಟ್ ಮಾಡ್ಯೂಲಿನ ವೇಗಕ್ಕೆ ತಾನಾಗಿ ಇಳಿಯುವುದಿಲ್ಲ. ಎಸ್‌ಎಫ್‌ಪಿ ಪ್ಲಸ್ ಪೋರ್ಟಿನಲ್ಲಿ 1 ಗಿಗಾಬಿಟ್ ಮಾಡ್ಯೂಲ್ ಹಾಕಿದಾಗ ಕೆಲವು ರೌಟರುಗಳಲ್ಲಿ ವೇಗವನ್ನು ಕೈಯಾರೆ ನಿಗದಿಪಡಿಸಬೇಕು; ಕೆಲವು ಪೋರ್ಟುಗಳು 10 ಗಿಗಾಬಿಟ್ ಹೊರತು ಬೇರೇನನ್ನೂ ಒಪ್ಪುವುದಿಲ್ಲ.

ಸೇವಾದಾರರ ಎಳೆಯ ಪ್ರಶ್ನೆ

ಈಗ ಮೊದಲಿನ ಪ್ರಶ್ನೆಗೆ ಮರಳಬೇಕು. ಮನೆಗೆ ಬರುವ ಎಳೆಯ ಇನ್ನೊಂದು ತುದಿ ಸೇವಾದಾರರದು. ನಮ್ಮ ದೇಶದ ಗೃಹ ಫೈಬರ್ ಸಂಪರ್ಕಗಳಲ್ಲಿ ಜಿಪಾನ್ ಎಂಬ ವ್ಯವಸ್ಥೆ ವ್ಯಾಪಕವಾಗಿದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವ ಭಾರತ್‌ನೆಟ್ ಯೋಜನೆಯೂ ಇದನ್ನೇ ಬಳಸಿಕೊಂಡಿದೆ. ಇದರಲ್ಲಿ ವಿನಿಮಯ ಕೇಂದ್ರದ ಒಂದೇ ಎಳೆಯ ಬೆಳಕನ್ನು ಸ್ಪ್ಲಿಟರ್ ಎಂಬ ಸಾಧನದ ಮೂಲಕ 32 ಅಥವಾ 64 ಮನೆಗಳಿಗೆ ಹಂಚಲಾಗುತ್ತದೆ. ಕೇಂದ್ರದಿಂದ ಮನೆಯ ಕಡೆಗೆ 1490 ನ್ಯಾನೋಮೀಟರಿನಲ್ಲಿ ಸುಮಾರು 2.5 ಗಿಗಾಬಿಟ್, ಮನೆಯಿಂದ ಕೇಂದ್ರದ ಕಡೆಗೆ 1310ರಲ್ಲಿ ಸುಮಾರು 1.25 ಗಿಗಾಬಿಟ್ ವೇಗವನ್ನು ಆ ಎಲ್ಲ ಮನೆಗಳೂ ಹಂಚಿಕೊಳ್ಳುತ್ತವೆ. ಯಾವ ಮನೆ ಯಾವ ಕ್ಷಣದಲ್ಲಿ ಬೆಳಕು ಕಳುಹಿಸಬೇಕೆಂಬುದನ್ನು ಕೇಂದ್ರದ ಯಂತ್ರವೇ ನಿರ್ಧರಿಸುತ್ತದೆ.

ಸಾಮಾನ್ಯ ಬೈಡಿ ಮಾಡ್ಯೂಲಿನ ತರಂಗಾಂತರವೂ 1310 ಮತ್ತು 1490 ಇರಬಹುದು. ಆದರೂ ಅದು ಜಿಪಾನ್ ಎಳೆಯಲ್ಲಿ ಕೆಲಸ ಮಾಡಲಾರದು. ಬೆಳಕು ಒಂದೇ, ಭಾಷೆ ಬೇರೆ. ಅಷ್ಟೇ ಅಲ್ಲದೆ, ಸರದಿ ಮೀರಿ ನಿರಂತರವಾಗಿ ಬೆಳಕು ಚೆಲ್ಲುವ ಮಾಡ್ಯೂಲ್ ಅದೇ ಸ್ಪ್ಲಿಟರಿನ ಇತರ ಮನೆಗಳ ಸಂಪರ್ಕವನ್ನೂ ಕೆಡಿಸಬಲ್ಲದು. ಪ್ರಯೋಗ ಮಾಡಿ ನೋಡೋಣ ಎಂಬ ಧೋರಣೆ ಇಲ್ಲಿ ಸಲ್ಲದು.

ಜಿಪಾನ್ ಭಾಷೆಯನ್ನೇ ಬಲ್ಲ, ಓಎನ್‌ಟಿಯ ಕೆಲಸವನ್ನು ತಾನೇ ಮಾಡುವ ವಿಶೇಷ ಎಸ್‌ಎಫ್‌ಪಿ ಮಾಡ್ಯೂಲುಗಳು ದೊರೆಯುತ್ತವೆ ಎಂಬುದು ನಿಜ. ಆದರೆ ಅವನ್ನು ಬಳಸಲು ಮೂರು ಅಡಚಣೆಗಳಿವೆ. ಮೊದಲನೆಯದಾಗಿ, ತಯಾರಕರ ನಾಲ್ಕಕ್ಷರದ ಸಂಕೇತದಿಂದ ಆರಂಭವಾಗುವ ಅದರ ಕ್ರಮಸಂಖ್ಯೆಯನ್ನು ಸೇವಾದಾರರು ತಮ್ಮ ಕೇಂದ್ರದಲ್ಲಿ ನೋಂದಾಯಿಸಬೇಕು. ಹಲವೆಡೆ ಪಾಸ್‌ವರ್ಡ್ ಹಾಗೂ ವಿಲ್ಯಾನ್ ಸಂಖ್ಯೆಯನ್ನೂ ನೀಡಬೇಕಾಗುತ್ತದೆ. ಎರಡನೆಯದಾಗಿ, ಇಂತಹ ಕೆಲವು ಮಾಡ್ಯೂಲುಗಳು ರೌಟರಿನೊಡನೆ 2.5 ಗಿಗಾಬಿಟ್ ವೇಗದಲ್ಲಿ ವ್ಯವಹರಿಸುತ್ತವೆ. ಎಕ್ಸ್520 ಸೇರಿದಂತೆ ಹಲವು ಕಾರ್ಡುಗಳಿಗೆ ಆ ವೇಗ ತಿಳಿಯದು. ಮೂರನೆಯದಾಗಿ, ಸ್ಥಿರ ದೂರವಾಣಿಯು ಸೇವಾದಾರರ ಪೆಟ್ಟಿಗೆಯ ಮೂಲಕ ಬರುತ್ತಿದ್ದರೆ, ಪೆಟ್ಟಿಗೆ ಹೋದೊಡನೆ ದೂರವಾಣಿಯೂ ಹೋಗುತ್ತದೆ. ವರ್ಷಾನುಗಟ್ಟಲೆ ಗ್ರಾಹಕರ ಬಳಿ ಇರುವ ಸಂಖ್ಯೆ ಮೌನವಾದರೆ ಆಗುವ ನಷ್ಟ ಮಾಡ್ಯೂಲಿನ ಬೆಲೆಗಿಂತ ಬಹಳ ಹೆಚ್ಚು.

ಬಹುತೇಕ ವರ್ತಕರಿಗೆ ಇದಕ್ಕಿಂತ ಸರಳವಾದ ಮಾರ್ಗವೊಂದಿದೆ. ಸೇವಾದಾರರ ಓಎನ್‌ಟಿಯನ್ನು ಹಾಗೆಯೇ ಉಳಿಸಿಕೊಂಡು, ಅದನ್ನು ಬ್ರಿಡ್ಜ್ ವಿಧಾನಕ್ಕೆ ಬದಲಿಸಿಕೊಡುವಂತೆ ಅವರನ್ನು ಕೋರಬೇಕು. ಆಗ ಆ ಪೆಟ್ಟಿಗೆಯು ಬೆಳಕನ್ನು ತಾಮ್ರದ ಸಂಕೇತವಾಗಿ ಪರಿವರ್ತಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಸಂಪರ್ಕದ ಲಾಗಿನ್, ವಿಳಾಸ ಹಂಚಿಕೆ ಮತ್ತು ರಕ್ಷಣೆ ಇವೆಲ್ಲವೂ ಸ್ವಂತ ಫೈರ್‌ವಾಲ್ ವಶಕ್ಕೆ ಬರುತ್ತವೆ. ಸೇವಾದಾರರು ಜಿಪಾನ್ ಬದಲು ಪ್ರತ್ಯೇಕ ಎಳೆಯ ನೇರ ಈಥರ್ನೆಟ್ ಸಂಪರ್ಕ ನೀಡುತ್ತಿದ್ದರೆ ಮಾತ್ರ, ಅವರಿಂದ ತರಂಗಾಂತರ ಮತ್ತು ವೇಗದ ವಿವರ ಪಡೆದು ಸಾಮಾನ್ಯ ಮಾಡ್ಯೂಲನ್ನು ಬಳಸಬಹುದು.

ಬೆಳಕಿನ ಜಮಾ-ಖರ್ಚು

ಎಲ್ಲವೂ ತಾಳೆಯಾದ ಮೇಲೂ ಸಂಪರ್ಕ ಆಗಾಗ ಕಡಿಯುತ್ತಿದ್ದರೆ ಬೆಳಕಿನ ಪ್ರಮಾಣವನ್ನು ಪರೀಕ್ಷಿಸಬೇಕು. ಇದನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. 3 ಡೆಸಿಬಲ್ ಇಳಿದರೆ ಬೆಳಕು ಅರ್ಧವಾಯಿತೆಂದು ಅರ್ಥ. ಲೆಕ್ಕ ಸರಳ. ಕೇಂದ್ರದಿಂದ ಹೊರಟ ಬೆಳಕು +3 ಡಿಬಿಎಂ ಎಂದಿಟ್ಟುಕೊಳ್ಳೋಣ. 32 ಪಾಲಿನ ಸ್ಪ್ಲಿಟರಿಗೆ ಸುಮಾರು 17, ನಾಲ್ಕು ಕಿಲೋಮೀಟರ್ ಎಳೆಗೆ ಸುಮಾರು 1.2, ಕನೆಕ್ಟರ್ ಮತ್ತು ಬೆಸುಗೆಗಳಿಗೆ 1.3, ಒಟ್ಟು ಖರ್ಚು 19.5 ಡೆಸಿಬಲ್. ಮನೆಯಲ್ಲಿ ಉಳಿಯುವ ಶಿಲ್ಕು -16.5 ಡಿಬಿಎಂ. ಬಿ ಪ್ಲಸ್ ವರ್ಗದ ಜಿಪಾನ್ ಓಎನ್‌ಟಿ -8ರಿಂದ -27ರವರೆಗೆ ಸ್ವೀಕರಿಸಬಲ್ಲದಾದ್ದರಿಂದ ಇದು ನೆಮ್ಮದಿಯ ಸ್ಥಿತಿ. ಇಂದು -17 ಇದ್ದದ್ದು ಮುಂದಿನ ತಿಂಗಳು -26 ತೋರಿಸಿದರೆ, ಎಳೆ ಎಲ್ಲೋ ಬಾಗಿದೆ ಅಥವಾ ಕನೆಕ್ಟರಿಗೆ ಧೂಳು ಹಿಡಿದಿದೆ ಎಂದು ಊಹಿಸಬಹುದು. ಈ ಸೌಲಭ್ಯವುಳ್ಳ ಮಾಡ್ಯೂಲಿನ ಅಂಕಿಯನ್ನು ರೌಟರಿನ ಪರದೆಯಲ್ಲೇ ಓದಬಹುದು. ಅಳವಡಿಸಿದ ದಿನವೇ ಅದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬೆಳಕು ಹೆಚ್ಚಾದರೂ ತೊಂದರೆಯೇ. 80 ಕಿಲೋಮೀಟರ್ ದೂರದ ಮಾಡ್ಯೂಲನ್ನು 150 ಮೀಟರಿಗೆ ಬಳಸಿದರೆ ಎದುರಿನ ಸ್ವೀಕಾರಕ ಹಾಳಾಗಬಹುದು. ದುಬಾರಿಯಾದದ್ದು ಉತ್ತಮ ಎಂಬ ನಂಬಿಕೆ ಇಲ್ಲಿ ತಪ್ಪು. ಮತ್ತೊಂದು ಎಚ್ಚರಿಕೆ: ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಉರಿಯುತ್ತಿರುವ ಎಳೆಯ ತುದಿಯನ್ನು ಇಣುಕಿ ನೋಡಬಾರದು.

ಲೆಕ್ಕಪತ್ರದಲ್ಲಿ ನಮೂದು

ವ್ಯವಹಾರಕ್ಕಾಗಿ ಕೊಂಡ ಮಾಡ್ಯೂಲ್, ರೌಟರುಗಳ ಮೇಲಿನ ಹೂಡುವಳಿ ತೆರಿಗೆ ಜಮಾ ಪಡೆಯಲು ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಇರಬೇಕು. ಮನೆಯ ಸಂಪರ್ಕವು ಸ್ವಂತ ಬಳಕೆಗೂ ಆಗುತ್ತಿದ್ದರೆ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(1)ನೇ ಪ್ರಕರಣದಂತೆ ವ್ಯವಹಾರದ ಪಾಲಿಗೆ ಮಾತ್ರ ಜಮಾ ದೊರೆಯುತ್ತದೆ. ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದರೆ 16(3)ನೇ ಪ್ರಕರಣದಂತೆ ಜಮಾ ಇಲ್ಲವಾಗುತ್ತದೆ. ಕಂಪ್ಯೂಟರಿನ ಜೊತೆಗೂಡಿ ಕೆಲಸ ಮಾಡುವ ರೌಟರ್ ಮತ್ತು ಸ್ವಿಚ್ಚುಗಳು ಸವಕಳಿಯ ದೃಷ್ಟಿಯಿಂದ ಕಂಪ್ಯೂಟರ್ ವರ್ಗಕ್ಕೆ ಸೇರುತ್ತವೆ ಎಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠವು ಡಾಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ 2010ರಲ್ಲಿ ತೀರ್ಪು ನೀಡಿದೆ. ಆ ವರ್ಗದ ದರವನ್ನು 2017-18ನೇ ಹಣಕಾಸು ವರ್ಷದಿಂದ ಶೇ. 60ರಿಂದ ಶೇ. 40ಕ್ಕೆ ಇಳಿಸಲಾಯಿತು.

ಉಪಸಂಹಾರ

ಒಟ್ಟಾರೆ, ಕೆಲಸದ ಕ್ರಮ ಹೀಗಿರಲಿ: ಎಳೆಯ ಇನ್ನೊಂದು ತುದಿ ಯಾರದೆಂದು ತಿಳಿಯುವುದು, ಸೇವಾದಾರರದಾದರೆ ಜಿಪಾನ್ ಹೌದೋ ಅಲ್ಲವೋ ಎಂದು ಕೇಳುವುದು, ಎಳೆ, ತರಂಗಾಂತರ, ವೇಗ, ಕನೆಕ್ಟರ್ ಮತ್ತು ರೌಟರಿನ ಒಪ್ಪಿಗೆ ಈ ಐದನ್ನೂ ತಾಳೆ ನೋಡುವುದು, ಆನಂತರವೇ ಖರೀದಿಸುವುದು. ಬದಲಾವಣೆಯನ್ನು ತಿಂಗಳ 20ನೇ ತಾರೀಖಿನ ಹಿಂದುಮುಂದಿನ ದಿನಗಳಲ್ಲಿ ಕೈಗೊಳ್ಳದೆ, ಹಳೆಯ ಪೆಟ್ಟಿಗೆಯನ್ನು ಕೆಲವು ದಿನ ಕೈಗೆಟಕುವಂತೆ ಇಟ್ಟುಕೊಳ್ಳುವುದು ವಿವೇಕ. ಮಾಡ್ಯೂಲಿಗೆ ತಗಲುವ ಹಣ ಅಲ್ಪ. ಸರಕು ತುಂಬಿದ ಲಾರಿ ಇ-ವೇ ಬಿಲ್ಲಿಗಾಗಿ ಗೋದಾಮಿನ ಬಾಗಿಲಲ್ಲಿ ನಿಂತರೆ ತಗಲುವ ವೆಚ್ಚ ಅಲ್ಪವಲ್ಲ.