ಬೀಗ ಎಲ್ಲಿದೆ ಎಂದು ಹುಡುಕಿದವರು

ಒಂದೇ ಜಾಲತಾಣ ಒಂದು ಸಿಮ್ಮಿನಲ್ಲಿ ತೆರೆಯುತ್ತದೆ, ಇನ್ನೊಂದರಲ್ಲಿ ತೆರೆಯುವುದಿಲ್ಲ. ಆಂಧ್ರದ ರಾಯದುರ್ಗವಾಗಲಿ ಮಡಕಶಿರಾ ಆಗಲಿ, ಎರಡು ಸಿಮ್ಮಿನ ಫೋನು ಇಟ್ಟುಕೊಂಡವರಿಗೆ ಇದು ಅನುಭವಕ್ಕೆ ಬಂದಿರಬಹುದು. ನೆಟ್‌ವರ್ಕ್ ಸರಿಯಿಲ್ಲ ಎಂದು ಬಯ್ದು ಸುಮ್ಮನಾಗುತ್ತೇವೆ. ಟವರು ಚೆನ್ನಾಗಿಯೇ ಇದ್ದು, ತಡೆ ನಡುದಾರಿಯಲ್ಲಿ ಕೂತಿರಲೂಬಹುದು. ಆ ತಡೆಯ ಜಾಗ ಪತ್ತೆ ಹಚ್ಚಿದ ಒಂದು ಮುಖ್ಯ ಕೆಲಸ ನಡೆದದ್ದು ಗಡಿಯ ಆಚೆ, ಬೆಂಗಳೂರಿನ ಸಂಸ್ಥೆಯೊಂದರಲ್ಲಿ.

ಅದಕ್ಕೂ ಮೊದಲಿನ ಕಥೆ ಇದು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ತಮ್ಮ ಮೇಲೆ ದಾಳಿಯಾಗುತ್ತದೆಂಬ ವದಂತಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಒಟ್ಟಿಗೆ ಕಳಿಸದಂತೆ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಕಟ್ಟು ಹಾಕಿತು. ಜೊತೆಗೆ ನಾಲ್ಕು ದಿನಗಳಲ್ಲಿ ಮುಚ್ಚಿಸಿದ 309 ಕೊಂಡಿ, ಖಾತೆಗಳ ಪಟ್ಟಿಯೊಂದು ಹೊರಬಿತ್ತು. ಬೆಂಗಳೂರಿನ ಆ ಸಂಸ್ಥೆ, ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಪ್ರಣೇಶ್ ಪ್ರಕಾಶ್ ಅದನ್ನು ಬಿಡಿಸಿ ನೋಡಿದರು. ವದಂತಿ ಹಬ್ಬಿಸಿದವರ ಜೊತೆಗೆ, ಅದು ಸುಳ್ಳು ಎಂದು ಬರೆದವರೂ ಅದರಲ್ಲಿದ್ದರು!

ಅಂಥ ಪಟ್ಟಿ ಕಣ್ಣಿಗೆ ಬೀಳುವುದೇ ಅಪರೂಪ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಸರ್ಕಾರ ತಾಣಗಳನ್ನು ಮುಚ್ಚಿಸಬಹುದು. 2009ರ ನಿಯಮಗಳ ಪೈಕಿ 16ನೆಯದು ಅದೆಲ್ಲ ಗುಟ್ಟಾಗಿರಬೇಕು ಎನ್ನುತ್ತದೆ. ಮುಚ್ಚಿದ್ದಕ್ಕಿಂತ, ಏನನ್ನು ಮುಚ್ಚಿದ್ದೇವೆ ಎಂದು ಹೇಳದಿರುವುದೇ ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಕಾರಣ ಗೊತ್ತಿಲ್ಲದವನು ಕೋರ್ಟಿಗೆ ಏನೆಂದು ಹೋಗಬೇಕು?

ಸರ್ಕಾರ ಹೇಳದಿದ್ದರೆ ತಂತಿಯನ್ನೇ ಕೇಳಬೇಕು. 2018ರಲ್ಲಿ ದೆಹಲಿಯ ಐಐಐಟಿ ಸಂಶೋಧಕರು ಹಾಗೆ ಕೇಳಿದರು. ಇಂಟರ್ನೆಟ್ ಕಂಪನಿಗಳ ಜಾಲದ ಒಳಗೆ ಕೂತು, ಹಾದುಹೋಗುವ ಕೋರಿಕೆಗಳನ್ನು ಇಣುಕಿ ನೋಡುವ ಪೆಟ್ಟಿಗೆಗಳು ಸಿಕ್ಕವು. ತಾಣವನ್ನು ತಾನಾಗಿ ತಡೆಯದ ಕಂಪನಿಯ ಗಿರಾಕಿಗೂ, ದಾರಿ ಇನ್ನೊಂದು ಕಂಪನಿಯ ಮೂಲಕ ಹೋದರೆ ತಡೆ ತಗಲುತ್ತಿತ್ತು.

ಆಮೇಲೆ ಒಂದು ಒಗಟು ಉಳಿಯಿತು. ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ವಿಧಾನ ಬಂದ ಮೇಲೆ ಪುಟದಲ್ಲಿರುವುದೆಲ್ಲ ಗೂಢಲಿಪಿ. ಒಳಗಿರುವುದು ಓದಲಾಗದಿದ್ದರೂ ಕಂಪನಿಗಳು ಹೇಗೆ ತಡೆಯುತ್ತಿವೆ? 2019ರ ಕೊನೆಯಲ್ಲಿ ಬೆಂಗಳೂರಿನ ಅದೇ ಸಂಸ್ಥೆ ಜಿಯೋ ಜಾಲದಲ್ಲಿ ಉತ್ತರ ಕಂಡುಕೊಂಡಿತು. ಪರೀಕ್ಷೆ ಬಹಳ ಸರಳ. ಅದೇ ಸರ್ವರು, ಅದೇ ದಾರಿ. ಕೋರಿಕೆಯಲ್ಲಿ ತಾಣದ ಹೆಸರು ಮಾತ್ರ ಬದಲಿಸಬೇಕು. ನಿಷೇಧಿತ ಹೆಸರಿದ್ದರೆ ಸಂಪರ್ಕ ಕಡಿಯಿತು, ಬೇರೆ ಹೆಸರಿದ್ದರೆ ಕಡಿಯಲಿಲ್ಲ. ಲಕೋಟೆ ಅಂಟಿಸಿದ್ದರೂ ಮೇಲಿನ ವಿಳಾಸ ಎಲ್ಲರಿಗೂ ಕಾಣುವಂತೆ, ಎಸ್‌ಎನ್‌ಐ ಎಂಬ ಆ ಹೆಸರು ಬಿಚ್ಚಿಟ್ಟಂತೆಯೇ ಹೋಗುತ್ತಿತ್ತು. ಬೀಗ ಇದ್ದದ್ದು ಅಲ್ಲಿ.

ಸಂಶೋಧಕರಾದ ಕುಶಾಗ್ರ ಸಿಂಗ್, ಗುರ್‌ಷಬಾದ್ ಗ್ರೋವರ್, ವರುಣ್ ಬನ್ಸಾಲ್ ಇದನ್ನು ದೊಡ್ಡದಾಗಿ ಬೆಳೆಸಿ 2020ರಲ್ಲಿ ಪ್ರಬಂಧ ಪ್ರಕಟಿಸಿದರು. ಆರು ಕಂಪನಿ, 4379 ತಾಣ. ಅವುಗಳಲ್ಲಿ 4033 ಒಂದಲ್ಲ ಒಂದು ಕಡೆ ಮುಚ್ಚಿದ್ದವು. ಆರೂ ಕಡೆ ಮುಚ್ಚಿದ್ದು 1115 ಮಾತ್ರ. ಒಂದು ಸಿಮ್ಮಿನಲ್ಲಿ ತೆರೆದದ್ದು ಇನ್ನೊಂದರಲ್ಲಿ ತೆರೆಯದಿರುವುದು ಭ್ರಮೆಯಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಇಂಥ ತಡೆ ದಾಟಲು ಜನ ಬಳಸುವ ವಿಪಿಎನ್ ಯಾಕೆ ಕೆಲಸ ಮಾಡುತ್ತದೆ ಎಂಬುದೂ ಇಲ್ಲೇ ತಿಳಿಯುತ್ತದೆ. ಅದು ಆ ಲಕೋಟೆಯನ್ನು ಇನ್ನೊಂದು ಲಕೋಟೆಯಲ್ಲಿ ಹಾಕಿ, ಮೇಲೆ ತನ್ನದೇ ವಿಳಾಸ ಬರೆಯುತ್ತದೆ. ಆದರೆ ಅದು ಹುಟ್ಟಿದ್ದು ಇದಕ್ಕಲ್ಲ. 1996ರಲ್ಲಿ ಮೈಕ್ರೋಸಾಫ್ಟ್‌ನ ಗುರ್ದೀಪ್ ಸಿಂಗ್ ಪಾಲ್ ಮತ್ತು ಸಂಗಡಿಗರು ಪಿಪಿಟಿಪಿ ಎಂಬ ವಿಪಿಎನ್ ವಿಧಾನ ರೂಪಿಸಿದಾಗ, ದೂರದಲ್ಲಿರುವ ನೌಕರರು ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಲಿ ಎಂಬುದು ಉದ್ದೇಶವಾಗಿತ್ತು.

ವಿಪಿಎನ್ನಿನ ಮಿತಿಗಳನ್ನೂ ಹೇಳಲೇಬೇಕು. 2022ರ ಮೇ ತಿಂಗಳಲ್ಲಿ ಆಂಧ್ರದ ಕೋನಸೀಮೆಯಲ್ಲಿ ಆದಂತೆ ಇಂಟರ್ನೆಟ್ಟನ್ನೇ ನಿಲ್ಲಿಸಿದರೆ ವಿಪಿಎನ್ ನಿರುಪಯೋಗಿ. ಮೊದಲು ಫೋನ್ ಕಂಪನಿಗೆ ಕಾಣುತ್ತಿದ್ದುದು ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಫೇಸ್‌ಬುಕ್ಕಿನ ಉಚಿತ ವಿಪಿಎನ್ ಒನಾವೊ ಬಳಕೆದಾರರ ಚಲನವಲನವನ್ನೇ ಸಂಗ್ರಹಿಸುತ್ತಿತ್ತು. ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಿ ಎಂದು 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ವಿಪಿಎನ್ ಕಂಪನಿಗಳಿಗೆ ಆದೇಶಿಸಿತು. ಇದಕ್ಕೊಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್‌ನಂಥವು ಭಾರತದಲ್ಲಿದ್ದ ಸರ್ವರುಗಳನ್ನೇ ಕಿತ್ತುಕೊಂಡು ಹೋದವು. ಸ್ಥಳೀಯ ನಿಷೇಧಾಜ್ಞೆ ಇರುವ ಜಾಗಗಳನ್ನು ಬಿಟ್ಟರೆ ವಿಪಿಎನ್ ಬಳಕೆ ಅಪರಾಧವಲ್ಲ.

ವಿಪಿಎನ್ ಹಾಕಿಕೊಂಡು ದಾಟಿಹೋಗುವುದಷ್ಟೇ ನಮ್ಮ ಪಾಲಿನ ಕೆಲಸವಲ್ಲ. ತಾಣ ತೆರೆಯದಿದ್ದಾಗ ಯಾವ ಕಂಪನಿ, ಯಾವ ದಿನ, ಪರದೆಯ ಮೇಲೆ ಏನು ಬಂತು ಎಂದು ಬರೆದಿಟ್ಟುಕೊಳ್ಳಬೇಕು. 2020ರ ಪ್ರಬಂಧದ ಸಂಶೋಧಕರು ತಾಣಗಳ ಪಟ್ಟಿ ಕಟ್ಟಿದ್ದು ಸರ್ಕಾರಿ ಮತ್ತು ನ್ಯಾಯಾಲಯದ ಆದೇಶಗಳಿಂದಷ್ಟೇ ಅಲ್ಲ, ತಾಣ ತೆರೆಯುತ್ತಿಲ್ಲ ಎಂದು ಸಾಮಾನ್ಯ ಬಳಕೆದಾರರು ಕಳಿಸಿದ ದೂರುಗಳಿಂದಲೂ ಹೌದು.