ಕಟ್ಟಡಕ್ಕೆ ಎಚ್ಚರವಿದ್ದರೆ ಸಾಕೇ?

ಮಾಳಿಗೆಯ ಮೇಲಿನ ನೀರಿನ ತೊಟ್ಟಿ ತುಂಬಿ, ನೀರು ಗೋಡೆಗುಂಟ ಇಳಿದು ಅಂಗಳವನ್ನೆಲ್ಲ ಒದ್ದೆ ಮಾಡುತ್ತಿದ್ದರೂ ಪಂಪನ್ನು ನಿಲ್ಲಿಸುವವರು ಯಾರೂ ಇಲ್ಲದ ನೋಟ ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ಸ್ವಿಚ್ಚು ಹಾಕಿದವರು ಮರೆತಿರುತ್ತಾರೆ. ಕಂಡ ನೆರೆಯವರು 'ಅವರ ಮನೆ, ಅವರ ನೀರು' ಎಂದು ಸುಮ್ಮನಿರುತ್ತಾರೆ. ಈಗ ಅನೇಕ ಮನೆಗಳಲ್ಲಿ ಇದಕ್ಕೊಂದು ಪರಿಹಾರ ಬಂದಿದೆ. ತೊಟ್ಟಿಯೊಳಗೆ ತೂಗುಬಿಟ್ಟ ಪುಟ್ಟದೊಂದು ಸಾಧನವು ನೀರಿನ ಮಟ್ಟ ಏರಿದ್ದನ್ನು ತಿಳಿದು ಪಂಪನ್ನು ತಾನೇ ನಿಲ್ಲಿಸುತ್ತದೆ. ಮಟ್ಟ ಇಳಿದಾಗ ತಾನೇ ನಡೆಸುತ್ತದೆ. ನೋಡುವುದು, ನಿಗದಿಪಡಿಸಿದ ಮಿತಿಯೊಡನೆ ಹೋಲಿಸುವುದು, ವ್ಯತ್ಯಾಸವಿದ್ದರೆ ಸರಿಪಡಿಸುವುದು, ಮತ್ತೆ ನೋಡುವುದು: ಇಷ್ಟೇ ಅದರ ಕೆಲಸ. ಮಹಾನಗರಗಳ ಗಗನಚುಂಬಿ ಕಟ್ಟಡಗಳಲ್ಲಿ ದೀಪ, ಗಾಳಿ, ಶೀತಲ ಯಂತ್ರಗಳನ್ನು ಆಳುವ ಸ್ವಯಂಚಾಲಿತ ವ್ಯವಸ್ಥೆಯೂ ಮೂಲದಲ್ಲಿ ಈ ತೊಟ್ಟಿಯ ಸಾಧನದ ದೊಡ್ಡಣ್ಣನೇ ಹೊರತು ಬೇರೇನೂ ಅಲ್ಲ.

ಇದರ ಇತಿಹಾಸದ ಒಂದು ಮುಖ್ಯ ಅಧ್ಯಾಯ ಶಾಲೆಯೊಂದರ ತರಗತಿಯಲ್ಲಿ ಆರಂಭವಾಯಿತೆಂಬುದು ನಮ್ಮ ಓದುಗರಲ್ಲಿರುವ ಅನೇಕ ಶಿಕ್ಷಕರಿಗೆ ಸಂತೋಷ ತಂದೀತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಎಂಬ ಪ್ರಾಧ್ಯಾಪಕರಿದ್ದರು. ಅಲ್ಲಿನ ಚಳಿಗಾಲ ಬಲು ಕಠಿಣವಾದುದು. ಶಾಲೆಯ ಜವಾನನು ಒಂದೊಂದೇ ಕೋಣೆಯನ್ನು ಹೊಕ್ಕು ಉಷ್ಣತೆ ಹೆಚ್ಚೋ ಕಡಿಮೆಯೋ ಎಂದು ನೋಡಿ, ಮತ್ತೆ ನೆಲಮಾಳಿಗೆಗೆ ಇಳಿದು, ಶಾಖ ಹೋಗುವ ದಾರಿಯ ಕದಗಳನ್ನು ಹೊಂದಿಸಬೇಕಾಗಿತ್ತು. ಪಾಠಕ್ಕೂ ಅಡ್ಡಿ, ಆ ಬಡಪಾಯಿಗೂ ದಣಿವು. ಜಾನ್ಸನ್ನರು ಕೋಣೆಯ ಉಷ್ಣತೆ ಬದಲಾದೊಡನೆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುವ ವಿದ್ಯುತ್ ಸಾಧನವೊಂದನ್ನು ರೂಪಿಸಿ 1883ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಆ ಮೊದಲ ಸಾಧನವು ತಾನಾಗಿ ಏನನ್ನೂ ಸರಿಪಡಿಸುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಕರೆಯುತ್ತಿತ್ತು, ಅಷ್ಟೇ. ಓಗೊಟ್ಟು ಕದ ತೆರೆಯಬೇಕಾದವನು ಜವಾನನೇ. 1885ರಲ್ಲಿ ಅವರು ಮಿಲ್ವಾಕಿ ನಗರದಲ್ಲಿ ಕಂಪೆನಿಯೊಂದನ್ನು ಸ್ಥಾಪಿಸಿದರು. ಮುಂದೆ ಒತ್ತಿದ ಗಾಳಿಯ ಬಲದಿಂದ ಕದಗಳು ತಾವೇ ತೆರೆದು ಮುಚ್ಚುವ ಏರ್ಪಾಡನ್ನೂ ತಂದರು. ಅದೇ ಕಂಪೆನಿ 1972ರಲ್ಲಿ ಕಟ್ಟಡಗಳ ನಿಯಂತ್ರಣಕ್ಕೆಂದೇ ಒಂದು ಚಿಕ್ಕ ಗಣಕಯಂತ್ರವನ್ನು ಹೊರತಂದಿತು. ಮರುವರ್ಷವೇ ತೈಲದ ಬಿಕ್ಕಟ್ಟು ಜಗತ್ತನ್ನು ನಡುಗಿಸಿತು. ಸುಖಸೌಕರ್ಯದ ಸಾಧನವಾಗಿದ್ದುದು ಆಗ ಮಿತವ್ಯಯದ ಸಾಧನವಾಯಿತು.

ಇಂದಿನ ದೊಡ್ಡ ಕಟ್ಟಡಗಳಲ್ಲಿ ಇದು ಹೇಗೆ ನಡೆಯುತ್ತದೆ? ಗೋಡೆ, ಚಾವಣಿ, ಕೊಳವೆಗಳಲ್ಲಿ ಅಳವಡಿಸಿದ ಸಂವೇದಕಗಳು ಉಷ್ಣತೆ, ತೇವಾಂಶ, ಬೆಳಕು, ಜನರ ಇರವು ಇವೆಲ್ಲವನ್ನೂ ತಿಳಿದು ಗಣಕಕ್ಕೆ ವರದಿಯೊಪ್ಪಿಸುತ್ತವೆ. ಸಭಾಂಗಣದಲ್ಲಿ ಎಷ್ಟು ಜನ ಉಸಿರಾಡುತ್ತಿದ್ದಾರೆಂಬುದು ಅಲ್ಲಿನ ಇಂಗಾಲದ ಡೈಆಕ್ಸೈಡಿನ ಪ್ರಮಾಣದಿಂದಲೇ ತಿಳಿಯುವುದರಿಂದ, ಹೊರಗಿನ ಗಾಳಿಯನ್ನು ಬೇಕಾದಷ್ಟೇ ಒಳಗೆ ಬಿಡುವುದು ಸಾಧ್ಯವಾಗುತ್ತದೆ. ಗಾಳಿ ನೂಕುವ ದೊಡ್ಡ ಫ್ಯಾನುಗಳ ವಿಷಯದಲ್ಲಿ ಭೌತಶಾಸ್ತ್ರದ ಒಂದು ನಿಯಮ ನಮ್ಮ ಪಾಲಿಗೆ ವರವಾಗಿದೆ. ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಅದು ಬಳಸುವ ವಿದ್ಯುತ್ತು ಎಂಬತ್ತಕ್ಕಲ್ಲ, ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುತ್ತದೆ. ಕೋಣೆ ತುಂಬ ಜನರಿರುವಾಗಲೂ ಖಾಲಿಯಿರುವಾಗಲೂ ಒಂದೇ ವೇಗದಲ್ಲಿ ತಿರುಗುವ ಯಂತ್ರವು ಎಷ್ಟನ್ನು ನುಂಗುತ್ತಿರಬಹುದೆಂಬುದನ್ನು ಇದರಿಂದ ಊಹಿಸಬಹುದು.

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಹೆಸರನ್ನು ಕೇಳದವರಿಲ್ಲ. 1931ರಲ್ಲಿ ತೆರೆದ, 102 ಅಂತಸ್ತುಗಳ ಈ ಹಳೆಯ ಕಟ್ಟಡದ ಇಂಧನ ವೆಚ್ಚವನ್ನು ತಗ್ಗಿಸುವ ಯೋಜನೆಯನ್ನು 2009ರಲ್ಲಿ ಪ್ರಕಟಿಸಲಾಯಿತು. ನಿಯಂತ್ರಣದ ಕೆಲಸ ವಹಿಸಿಕೊಂಡದ್ದು, ಆ ವೈಟ್‌ವಾಟರಿನ ಪ್ರಾಧ್ಯಾಪಕರು ಹುಟ್ಟುಹಾಕಿದ ಕಂಪೆನಿಯೇ, ಅಂದರೆ ಇಂದಿನ ಜಾನ್ಸನ್ ಕಂಟ್ರೋಲ್ಸ್. ತಜ್ಞರು ಅರುವತ್ತಕ್ಕೂ ಹೆಚ್ಚು ಉಪಾಯಗಳನ್ನು ಪರಿಶೀಲಿಸಿ ಎಂಟನ್ನು ಆರಿಸಿಕೊಂಡರು. 6,514 ಕಿಟಕಿಗಳನ್ನು ಕಳಚಿ, ಹಳೆಯ ಗಾಜನ್ನೇ ಬಳಸಿಕೊಂಡು, ಜೋಡಿ ಗಾಜುಗಳ ನಡುವೆ ಶಾಖವನ್ನು ತಡೆಯುವ ತೆಳುಹಾಳೆಯನ್ನು ಸೇರಿಸಿದರು. ಈ ಕೆಲಸಕ್ಕೆಂದು ಕಟ್ಟಡದ ಐದನೆಯ ಅಂತಸ್ತಿನಲ್ಲೇ ಕಾರ್ಖಾನೆಯನ್ನು ತೆರೆದರಂತೆ! ಶಾಖ ಕೊಡುವ ರೇಡಿಯೇಟರುಗಳ ಹಿಂದೆ, ಶಾಖ ಗೋಡೆಯ ಪಾಲಾಗದಂತೆ ಪ್ರತಿಫಲಕಗಳನ್ನು ಇಟ್ಟರು. ಹೀಗೆ ಕಟ್ಟಡದ ಹಸಿವೇ ಕಡಿಮೆಯಾದುದರಿಂದ ಹೊಸ ದೊಡ್ಡ ಶೀತಲ ಯಂತ್ರಗಳನ್ನು ಕೊಳ್ಳುವ ಅಗತ್ಯ ತಪ್ಪಿತು, ಇದ್ದವನ್ನೇ ನವೀಕರಿಸಿದರು. ಮೊದಲು ಹಸಿವನ್ನು ತಗ್ಗಿಸಿ ಆಮೇಲೆ ಒಲೆಯ ಗಾತ್ರವನ್ನು ನಿರ್ಧರಿಸುವ ಈ ಕ್ರಮ ನಮಗೆ ಬಹಳ ಮೆಚ್ಚುಗೆಯಾಗಿದೆ.

ಯೋಜನೆಯ ಲೆಕ್ಕದಂತೆ ಒಟ್ಟು ಉಳಿತಾಯ ನೂರಕ್ಕೆ 38ರಷ್ಟು. ಕಿಟಕಿಗಳ ಪಾಲು ಅದರಲ್ಲಿ 5 ಮಾತ್ರ. ಎಲ್ಲಕ್ಕಿಂತ ದೊಡ್ಡ ಪಾಲು, ಅಂದರೆ 9, ಕಣ್ಣಿಗೆ ಕಾಣದ ಗಣಕ ನಿಯಂತ್ರಣದ್ದು. ಬಾಡಿಗೆದಾರರಿಗೆ ಪ್ರತ್ಯೇಕ ಮೀಟರು ಕೊಟ್ಟು, ತಾವು ಬಳಸಿದ್ದನ್ನು ತಾವೇ ನೋಡುವಂತೆ ಮಾಡಿದ್ದೂ ಎಂಟು ಉಪಾಯಗಳಲ್ಲಿ ಒಂದಾಗಿತ್ತು. ಅದಕ್ಕೆ 3ರ ಪಾಲು. ಮೊದಲ ವರ್ಷದಲ್ಲಿಯೇ, ಅಂದರೆ 2011ರಲ್ಲಿ, 24 ಲಕ್ಷ ಡಾಲರ್ ಉಳಿಯಿತು. ಇದು ಕೊಟ್ಟ ಭರವಸೆಗಿಂತ ನೂರಕ್ಕೆ ಐದರಷ್ಟು ಹೆಚ್ಚು.

ಇಷ್ಟನ್ನು ಓದಿ 'ಹಾಗಾದರೆ ಯಂತ್ರಕ್ಕೆ ಒಪ್ಪಿಸಿಬಿಟ್ಟರಾಯಿತು' ಎಂದು ಯಾರಾದರೂ ಹೇಳಿದರೆ, ಅವರನ್ನು ಯಾವುದಾದರೂ ಹೋಟೆಲಿನ ಕೋಣೆಗೆ ಕರೆದೊಯ್ಯಬೇಕು. ಬಾಗಿಲು ತೆರೆಯುವ ಕಾರ್ಡನ್ನು ಗೋಡೆಯ ಗೂಡಿನಲ್ಲಿ ಇಟ್ಟರೆ ಮಾತ್ರ ದೀಪ, ಎ.ಸಿ. ನಡೆಯುವ ಏರ್ಪಾಡು ಈಗ ಸಾಮಾನ್ಯ. ಅತಿಥಿ ಹೊರಗೆ ಹೋಗುವಾಗ ಕಾರ್ಡು ಕೈಯಲ್ಲಿರುತ್ತದೆ, ಖಾಲಿ ಕೋಣೆಯಲ್ಲಿ ವಿದ್ಯುತ್ತು ವ್ಯರ್ಥವಾಗದು ಎಂಬುದು ಅದರ ತರ್ಕ. ನಮ್ಮ ಜನ ಮಾಡುವುದೇನು? ಜೇಬಿನಲ್ಲಿರುವ ಬೇರೊಂದು ಕಾರ್ಡನ್ನು ಅಲ್ಲಿ ತೂರಿಸಿ, ಎ.ಸಿ. ನಡೆಯುತ್ತಿರಲೆಂದು ಬಿಟ್ಟು, ಊರು ಸುತ್ತಲು ಹೊರಡುತ್ತಾರೆ. ಮರಳಿದಾಗ ಕೋಣೆ ತಂಪಾಗಿರಬೇಕಷ್ಟೆ! ಗೂಡಿಗೆ ಮೋಸವಾದುದು ತಿಳಿಯದು. ಹೀಗೆಯೇ ಕಚೇರಿಗಳಲ್ಲಿ ಸಂವೇದಕದ ಮುಂದೆ ಕಪಾಟು ಬಂದು ನಿಲ್ಲುತ್ತದೆ. ಹಬ್ಬದ ಒಂದು ದಿನಕ್ಕೆಂದು ಬದಲಿಸಿದ ವೇಳಾಪಟ್ಟಿ ವರ್ಷವಿಡೀ ಉಳಿಯುತ್ತದೆ. ಯಾರೋ ಒಬ್ಬರಿಗೆ ಸೆಕೆಯಾಯಿತೆಂದು ಸ್ವಯಂಚಾಲನೆಯನ್ನು ತಪ್ಪಿಸಿದ ಕೆಲಸಗಾರ ಅದನ್ನು ಮತ್ತೆ ಮೊದಲಿನಂತೆ ಮಾಡುವುದೇ ಇಲ್ಲ. ಯಂತ್ರ ಮಾತ್ರ ಒಪ್ಪಿಸಿದ್ದನ್ನು ನಿಷ್ಠೆಯಿಂದ ನಡೆಸುತ್ತಲೇ ಇರುತ್ತದೆ, ತಪ್ಪನ್ನೂ ಸಹ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ 'ರಾಜನೀತಿ' ಗ್ರಂಥದ ಮೊದಲ ಭಾಗದಲ್ಲಿ ಒಂದು ಕಲ್ಪನೆ ಮಾಡಿದ್ದಾನೆ. ಮಗ್ಗದ ಲಾಳಿ ತಾನಾಗಿ ನೇಯುವಂತಿದ್ದರೆ ಒಡೆಯರಿಗೆ ಗುಲಾಮರು ಬೇಕಾಗುತ್ತಿರಲಿಲ್ಲ ಎಂಬುದು ಅವನ ಮಾತಿನ ಅರ್ಥ. ಲಾಳಿ ತಾನಾಗಿ ನೇಯುವ ಕಾಲ ಬಂದೇಬಿಟ್ಟಿತು. ವೈಟ್‌ವಾಟರಿನ ಜವಾನನಿಗೆ ಮೆಟ್ಟಿಲು ಹತ್ತಿಳಿಯುವ ಕಷ್ಟ ತಪ್ಪಿತು. ಅದು ಒಳ್ಳೆಯದೇ ಆಯಿತು. ಆದರೆ ಯಾವ ಬಟ್ಟೆಯನ್ನು, ಯಾರಿಗಾಗಿ, ಎಷ್ಟು ನೇಯಬೇಕೆಂಬುದನ್ನು ಲಾಳಿಯು ಹೇಳಲಾರದು. ಸಂತ ತೋಮಸ್ ಅಕ್ವಿನಾಸರು ವಸ್ತುವನ್ನು ಚೆನ್ನಾಗಿ ನಿರ್ಮಿಸುವ ಕಲೆಯನ್ನೂ ಬಾಳಿನಲ್ಲಿ ಸರಿಯಾಗಿ ನಡೆದುಕೊಳ್ಳುವ ವಿವೇಕವನ್ನೂ ಬೇರೆಬೇರೆಯಾಗಿ ಕಂಡರು. ಸ್ವಯಂಚಾಲಿತ ಕಟ್ಟಡದಲ್ಲಿರುವುದು ಮೊದಲನೆಯದು. ಕೋಣೆಯ ಉಷ್ಣತೆ 24 ಡಿಗ್ರಿ ಇರಬೇಕೋ 18 ಇರಬೇಕೋ ಎಂಬುದು ಎರಡನೆಯದಕ್ಕೆ ಸೇರಿದ ಪ್ರಶ್ನೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಕಾಯಿದೆಯವರೆಗೂ ಹೋಗಿದೆ. 2020ರ ಜನವರಿಯಿಂದ, ದಕ್ಷತೆಯ ನಕ್ಷತ್ರ ಚಿಹ್ನೆ ಪಡೆದ ಕೋಣೆಯ ಎ.ಸಿ.ಗಳೆಲ್ಲವೂ ಕಾರ್ಖಾನೆಯಿಂದ ಬರುವಾಗಲೇ 24 ಡಿಗ್ರಿಗೆ ಹೊಂದಿಸಿರಬೇಕೆಂದು ಕೇಂದ್ರ ಸರಕಾರ ಕಡ್ಡಾಯ ಮಾಡಿತು. ಒಂದೊಂದು ಡಿಗ್ರಿ ಏರಿಸಿದರೂ ನೂರಕ್ಕೆ ಸುಮಾರು 6ರಷ್ಟು ವಿದ್ಯುತ್ತು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಗಮನಿಸಿರಿ, 24 ಕೇವಲ ಆರಂಭದ ಅಂಕಿ. ಗುಂಡಿಯೊತ್ತಿ ಕೆಳಗಿಳಿಸುವ ಸ್ವಾತಂತ್ರ್ಯ ಮನೆಯವರಿಗೆ ಇದ್ದೇ ಇದೆ. ಹೊರಗೆ ಮೇ ತಿಂಗಳ ಬಿಸಿಲು ಉರಿಯುತ್ತಿರುವಾಗ ಒಳಗೆ 18ಕ್ಕೆ ಇಳಿಸಿ, ಕಂಬಳಿ ಹೊದ್ದು ಮಲಗುವವರನ್ನು ನಾವು ಬಲ್ಲೆವು. ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಹುಡುಕುವುದು ಬೇಡ. ಕಂಬಳಿಯನ್ನು ಮಡಚಿಟ್ಟರೆ ಸಾಕು. ದಿವಂಗತ ಪೋಪ್ ಫ್ರಾನ್ಸಿಸರು 2015ರ 'ಲಾವುದಾತೊ ಸಿ' ಪರಿಪತ್ರದಲ್ಲಿ ಹಾನಿಕರವಾದ ಬಳಕೆಯ ಅಭ್ಯಾಸಗಳಿಗೆ ಉದಾಹರಣೆಯಾಗಿ ಹೆಸರಿಸಿದ್ದು ಹವಾನಿಯಂತ್ರಣವನ್ನೇ. ಅದನ್ನು ಓದಿದಾಗ ಸಂತ ಪೀಠದಿಂದ ಬಂದ ಪತ್ರದಲ್ಲಿ ಎ.ಸಿ.ಯ ಮಾತೇಕೆ ಎಂದು ಹುಬ್ಬೇರಿಸಿದವರಿದ್ದರು.

ದಕ್ಷತೆಯೇ ಬಳಕೆಯನ್ನು ಹೆಚ್ಚಿಸುವ ಅಪಾಯವೂ ಉಂಟು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸರು 1865ರಲ್ಲಿಯೇ ಕಲ್ಲಿದ್ದಲಿನ ಬಗೆಗೆ ಇದನ್ನು ತೋರಿಸಿಕೊಟ್ಟರು. ಉಗಿಯಂತ್ರಗಳು ಕಡಿಮೆ ಇದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಇದ್ದಲಿನ ಬಳಕೆ ತಗ್ಗಲಿಲ್ಲ, ಅಗ್ಗವಾದುದರಿಂದ ಏರಿತು. ಬಿಲ್ಲು ಕಡಿಮೆ ಬಂತೆಂದು ಇನ್ನೊಂದು ಕೋಣೆಗೂ ಎ.ಸಿ. ಹಾಕಿಸುವ ಮನೆಗಳಲ್ಲಿ ಜೆವನ್ಸರು ಇಂದಿಗೂ ಬದುಕಿದ್ದಾರೆ.

ಯಂತ್ರಕ್ಕೆ ಒಪ್ಪಿಸುವ ಮೊದಲು ಗುರಿಯನ್ನು ನಿಶ್ಚಯಿಸಿದರೆ ಏನಾದೀತೆಂಬುದಕ್ಕೆ ರೋಮಿನಲ್ಲೊಂದು ನಿದರ್ಶನವಿದೆ. ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಮೈಕೆಲೇಂಜೆಲೊ ಬರೆದ ಭಿತ್ತಿಚಿತ್ರಗಳಿಗೆ, ನೋಡಲು ಬರುವ ಜನಸಾಗರದ ಉಸಿರು, ಬೆವರು, ಧೂಳುಗಳೇ ಶತ್ರುಗಳಾಗಿದ್ದವು. 2014ರಲ್ಲಿ ಅಲ್ಲಿ ಹೊಸ ಹವಾನಿಯಂತ್ರಣ ವ್ಯವಸ್ಥೆಯೂ ಸುಮಾರು 7,000 ಎಲ್.ಇ.ಡಿ. ದೀಪಗಳೂ ಬಂದವು. ಕ್ಯಾಮೆರಾಗಳ ನೆರವಿನಿಂದ ಒಳಗಿರುವ ಜನರ ಸಂಖ್ಯೆಯನ್ನು ತಿಳಿದು, ಗಾಳಿ ಕೆಡುವ ಮೊದಲೇ ವ್ಯವಸ್ಥೆಯು ಸಿದ್ಧವಾಗುತ್ತದೆ. ಹಳೆಯ ದೀಪಗಳಿಗಿಂತ ಹೊಸವು ತೀರ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುತ್ತವೆ. ಇಲ್ಲಿ ಮಿತಿಯನ್ನು ನಿರ್ಧರಿಸಿದ್ದು ನೋಡಲು ಬಂದವರ ಸುಖವಲ್ಲ, ಐನೂರು ವರ್ಷಗಳ ಹಿಂದಿನ ಬಣ್ಣದ ಕ್ಷೇಮ. ಅದಕ್ಕಾಗಿ ವರ್ಷಕ್ಕೆ ಇಂತಿಷ್ಟೇ ಜನ ಬರಲಿ ಎಂಬ ಮಿತಿಯ ಮಾತನ್ನೂ ಮ್ಯೂಸಿಯಮ್ಮಿನ ಅಧಿಕಾರಿಗಳು ಆಗ ಆಡಿದರು.

ನಮ್ಮ ಧರ್ಮಕೇಂದ್ರಗಳಲ್ಲಿ ಶಾಲೆ ಕಾಲೇಜುಗಳಿವೆ, ಆಸ್ಪತ್ರೆಗಳಿವೆ, ಮದುವೆಯ ಸಭಾಂಗಣಗಳಿವೆ. ಎಲ್ಲದಕ್ಕೂ ಗಣಕ ನಿಯಂತ್ರಣ ಬೇಕೆಂದು ನಾವು ಹೇಳಲಾರೆವು. ದೊಡ್ಡ ಆಸ್ಪತ್ರೆಗೆ ಅದು ಖಂಡಿತ ಹೊಂದುತ್ತದೆ. ಹತ್ತು ಕೋಣೆಗಳ ಶಾಲೆಗೆ ಅದು ಆನೆಯ ಅಂಬಾರಿಯನ್ನು ಆಡಿಗೆ ಕಟ್ಟಿದಂತೆ. ಅಂಥಲ್ಲಿ ಪಂಪಿಗೊಂದು ಮಟ್ಟಸೂಚಕ, ಮೆಟ್ಟಿಲ ದೀಪಗಳಿಗೆ ಸಮಯ ನಿಯಂತ್ರಕ, ಶೌಚಾಲಯದ ದೀಪಗಳಿಗೆ ಸಂವೇದಕ, ಇಷ್ಟರಿಂದ ಆರಂಭಿಸಬಹುದು. ಇವುಗಳನ್ನು ಹಾಕಿಸುವುದಕ್ಕೆ ಮೊದಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಅದಕ್ಕೆ ಕಾಸು ಖರ್ಚಿಲ್ಲ. ಶಾಲೆಯ ಬಾಗಿಲು ಹಾಕಿದ ಮೇಲೆ ರಾತ್ರಿ ಎಂಟಕ್ಕೊಮ್ಮೆ, ಮರುದಿನ ಬೆಳಗ್ಗೆ ಆರಕ್ಕೊಮ್ಮೆ ವಿದ್ಯುತ್ ಮೀಟರನ್ನು ಓದಿ ಬರೆದಿಡಬೇಕು. ಎರಡರ ನಡುವಿನ ವ್ಯತ್ಯಾಸವೇ ಯಾರೂ ಇಲ್ಲದ ಕಟ್ಟಡ ರಾತ್ರಿಯಿಡೀ ಬಳಸಿದ ವಿದ್ಯುತ್ತು. ಹತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ಒಂದು ವಾರ ಒಪ್ಪಿಸಿದರೆ, ಯಾವ ನೀರಿನ ಕೂಲರು, ಯಾವ ಗಣಕ, ಯಾವ ಹಿತ್ತಿಲ ದೀಪ ಎಂಬುದನ್ನು ಅವರೇ ಪತ್ತೆ ಹಚ್ಚಿ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಪಟ್ಟಿ ತಂದಿಡುತ್ತಾರೆ.